ಮುಳ್ಳು ಹಸಿರಿನಲ್ಲಿದ್ದರೆ ಸಾಕೇ?

ಪ್ರಶ್ನೆ: ನಮ್ಮದು ಬೆಣ್ಣೆ ದೋಸೆ, ಮಂಡಕ್ಕಿ–ಮೆಣಸಿನಕಾಯಿ ಹೋಟೆಲ್. ಗೋಡೆಯಲ್ಲಿರುವ ಕೆಂಪು ಫೈರ್ ಸಿಲಿಂಡರಿನ ಚೀಟಿಯ ತಾರೀಖು ಮುಗಿದು ವರ್ಷವಾಯಿತು. ಮುಳ್ಳು ಮಾತ್ರ ಹಸಿರಿನಲ್ಲೇ ಇದೆ. ಒಲೆಯ ಕಾವಿಗೆ ಅದೇ ಸಿಡಿದೀತು ಎಂದು ಕೆಲಸದ ಹುಡುಗರು ಹೆದರುತ್ತಾರೆ. ಏನು ಮಾಡಲಿ?
– ಹೋಟೆಲ್ ಮಾಲೀಕರು, ಪಿ.ಬಿ. ರಸ್ತೆ, ದಾವಣಗೆರೆ

ಉತ್ತರ: ಅದು ಸಿಡಿಯುತ್ತದೆಯೇ ಎಂಬುದು ಒಂದು ಚಿಂತೆ, ಹೊತ್ತಿಗೆ ಕೆಲಸಕ್ಕೆ ಬರುತ್ತದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಧೈರ್ಯವಾಗಿರಿ. ಅಡುಗೆ ಗ್ಯಾಸಿನ ಹಾಗೆ ಹೊತ್ತಿಕೊಳ್ಳುವಂಥದ್ದು ಅದರೊಳಗೆ ಏನೂ ಇಲ್ಲ. ಎಬಿಸಿ ಸಿಲಿಂಡರಿನಲ್ಲಿರುವುದು ಒಣ ಪುಡಿ, ಅದನ್ನು ಹೊರಗೆ ತಳ್ಳಲು ನೈಟ್ರೋಜನ್ (ತಾನೂ ಉರಿಯದ ಅನಿಲ). ಆದರೂ ಹುಡುಗರನ್ನು ಗದರಬೇಡಿ. ಒತ್ತಡ ತುಂಬಿದ ಪಾತ್ರೆಯನ್ನು ಕಾವಿನ ಹತ್ತಿರ ಇಡಬಾರದು ಎಂಬುದು ನಿಜವೇ. ಒಲೆಯಿಂದ ದೂರ, ಬಾಗಿಲ ದಾರಿಯಲ್ಲಿ ತೂಗುಹಾಕಿ. ಉರಿಯುವ ಬಾಣಲೆಯ ಮೇಲೆ ಕೈಚಾಚಿ ಅದನ್ನು ತೆಗೆಯುವ ಗತಿಯೂ ಬರುವುದಿಲ್ಲ.

ಇನ್ನು ಮುಳ್ಳಿನ ವಿಚಾರ. ಅದು ತೋರಿಸುವುದು ಒತ್ತಡವನ್ನು ಮಾತ್ರ, ಪುಡಿಯ ಸ್ಥಿತಿಯನ್ನಲ್ಲ. ತೇವ ಹೊಕ್ಕು ಪುಡಿ ಗಟ್ಟಿಯಾಗಿದ್ದರೆ ಹಿಡಿಕೆ ಒತ್ತಿದಾಗ ಬರೀ ಅನಿಲ ಬುಸ್ಸೆಂದು ಹೋದೀತು. ಆದ್ದರಿಂದ ಸರ್ವಿಸ್‌ನವರು ನಿಮ್ಮೆದುರೇ ಒತ್ತಡ ಇಳಿಸಿ, ಬಿಚ್ಚಿ, ಪುಡಿ ನೋಡಲಿ. ನೀವಾಗಿ ಮಾತ್ರ ಬಿಚ್ಚಬೇಡಿ. ಬಟ್ಟೆಯಲ್ಲಿ ಒರೆಸಿ ಹೊಸ ಚೀಟಿ ಅಂಟಿಸಿ ದುಡ್ಡು ಎಣಿಸಿಕೊಳ್ಳುವವರೂ ಇದ್ದಾರೆ. ಅವರ ಮೇಲೆ ನನಗೆ ಸಿಟ್ಟಿದೆ. ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ (ನೀರು ತುಂಬಿ ಒತ್ತಡ ಹೇರಿ ಪಾತ್ರೆ ತಾಳುತ್ತದೆಯೇ ಎಂದು ನೋಡುವ ಪರೀಕ್ಷೆ) ಆಗಬೇಕು. ಭಾರತೀಯ ಮಾನಕ ಐಎಸ್ 2190 ಹೇಳುವುದು ಇದನ್ನೇ. ಪರೀಕ್ಷೆಯ ತಾರೀಖನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ನಡುವೆ ತಿಂಗಳಿಗೊಮ್ಮೆ ನೀವೇ ನೋಡಿ. ಪಿನ್ನು, ಸೀಲು ಇದ್ದ ಹಾಗೇ ಇವೆಯೇ, ತಳಕ್ಕೆ ತುಕ್ಕು ಹಿಡಿದಿದೆಯೇ, ಪೈಪಿನ ಬಾಯಲ್ಲಿ ಕಣಜ ಗೂಡು ಕಟ್ಟಿದೆಯೇ?

ಮರುಭರ್ತಿಗೆ ಕಳಿಸುವ ಮುನ್ನ ಹಿತ್ತಲಲ್ಲಿ ಹುಡುಗರ ಕೈಯಿಂದಲೇ ಅದನ್ನು ಖಾಲಿ ಮಾಡಿಸಿ. ಹೇಗೂ ಹಳೆಯ ಪುಡಿ ಹೋಗಬೇಕಾದದ್ದೇ. ಕೆಲವೇ ಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ ಎಂಬುದು ಅವರ ಕೈಗೆ ತಿಳಿಯಲಿ. ಕರಿಯುವ ಎಣ್ಣೆ ಹೊತ್ತಿದರೆ ನೀರು ಹಾಕಲೇಬಾರದು. ಕೈಗೆ ಎಟುಕಿದರೆ ಉರಿ ಆರಿಸಿ, ಮುಚ್ಚಳ ಮುಚ್ಚಿ. ಪುಡಿಯನ್ನೇ ಬಳಸಬೇಕಾದರೆ ಎರಡು ಮೂರು ಮೀಟರ್ ದೂರ ನಿಲ್ಲಿ, ಇಲ್ಲವಾದರೆ ಅದರ ರಭಸಕ್ಕೆ ಎಣ್ಣೆ ಚೆಲ್ಲುತ್ತದೆ. ಅಡುಗೆಮನೆಗೆ ವೆಟ್ ಕೆಮಿಕಲ್ (ಎಣ್ಣೆಯ ಮೇಲೆ ಸಾಬೂನಿನ ಪದರ ಕಟ್ಟಿ ತಣಿಸುವ ದ್ರಾವಣ) ಸಿಲಿಂಡರೇ ಸರಿಯಾದದ್ದು.

ಪ್ರಶ್ನೆ: ಹತ್ತಿ ಅಂಡಿಗೆಗಳ ಗೋದಾಮಿಗೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್‌ಗಳನ್ನೇ ಹಾಕಿಸಿದ್ದೇವೆ, ಮಾಲು ಕೆಡುವುದಿಲ್ಲವೆಂದು. ಸರಿಯೇ?
– ವರ್ತಕರು, ದಾವಣಗೆರೆ

ಉತ್ತರ: ಮಾಲಿನ ಮೇಲಿನ ಕಾಳಜಿ ಅರ್ಥವಾಗುತ್ತದೆ. ಆದರೆ ಹತ್ತಿಯ ಬೆಂಕಿ ಒಳಗೊಳಗೇ ಕೂತಿರುತ್ತದೆ. ಅನಿಲ ಮೇಲಿನ ಜ್ವಾಲೆ ಆರಿಸಿ ಚದುರಿಹೋಗುತ್ತದೆ, ಕೆಂಡ ಅಂಡಿಗೆಯಲ್ಲೇ ಉಳಿಯುತ್ತದೆ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಫೋರ್ಟ್ ಸ್ಟಿಕೀನ್ ಹಡಗಿನ ಹತ್ತಿ ಅಂಡಿಗೆಗಳಿಗೆ ಬೆಂಕಿ ಬಿತ್ತು. ಅದೇ ಹಡಗಿನಲ್ಲಿದ್ದ ಸ್ಫೋಟಕಗಳು ಸಿಡಿದು ಅಗ್ನಿಶಾಮಕ ದಳದ 66 ಮಂದಿಯೇ ತೀರಿಹೋದರು. ಪ್ರತಿ ವರ್ಷ ಅದೇ ದಿನ ಅಗ್ನಿಶಾಮಕ ಸೇವಾ ಸಪ್ತಾಹ ಶುರುವಾಗುವುದು ಅವರ ನೆನಪಿಗೆ.

ನಿಮ್ಮಲ್ಲಿರುವ ಸಿಲಿಂಡರ್‌ಗಳನ್ನು ವಿದ್ಯುತ್ ಬೋರ್ಡಿನ ಬಳಿಗೆ ಸರಿಸಿ. ಮಾಲಿನ ಬಳಿ ನೀರಿನ ಸಿಲಿಂಡರ್, ನೀರಿನ ಬಕೆಟ್ ಇರಲಿ. ಬೆಂಕಿ ಆರಿದ ಮೇಲೂ ಆ ಅಂಡಿಗೆಯನ್ನು ಬಯಲಿಗೆ ಎಳೆದು, ಬಿಡಿಸಿ, ನೆನೆಸಿ.

ಪ್ರಶ್ನೆ: ಮಗ ಮಲ್ಪೆಯಲ್ಲಿ ಮೀನುಗಾರಿಕೆ ಬೋಟಿನ ಎಂಜಿನ್ ಕೆಲಸಕ್ಕೆ ಸೇರಿದ್ದಾನೆ. ನಾವು ಕಂಡದ್ದು ತುಂಗಭದ್ರೆಯ ಹರಿಗೋಲು ಮಾತ್ರ. ಸುತ್ತ ನೀರಿದ್ದರೂ ಬೋಟಿಗೆ ಬೆಂಕಿ ಹತ್ತುತ್ತದಂತೆ, ನಿಜವೇ? ರಾತ್ರಿ ನಿದ್ದೆ ಬರುವುದಿಲ್ಲ.
– ತಾಯಿ, ಹರಿಹರ

ಉತ್ತರ: ತಾಯಿ, ನಿಮ್ಮ ಭಯ ಸಹಜ. ಡೀಸೆಲ್, ಒಲೆ, ವೈರು ಇರುವಲ್ಲಿ ಬೆಂಕಿಯೂ ಹತ್ತಬಹುದು, ಡೀಸೆಲ್ ಬೆಂಕಿಗೆ ಕಡಲ ನೀರು ಎರಚಿದರೆ ಅದು ಹರಡುತ್ತದೆ. ಹಾಗಿದ್ದರೂ ಎಚ್ಚರವಿದ್ದವರು ಇದನ್ನು ನಿಭಾಯಿಸಬಲ್ಲರು. ಮಗನಿಗೆ ಕೆಲವು ಮಾತು ಹೇಳಿ.

ಕಡಲ ಗಾಳಿಗೆ ಸಿಲಿಂಡರಿನ ತುಕ್ಕು ಮೊದಲು ಶುರುವಾಗುವುದು ಪಟ್ಟಿ ಬಿಗಿದ ಜಾಗದ ಅಡಿಯಲ್ಲಿ, ಕಣ್ಣಿಗೆ ಬೀಳದಂತೆ. ಪ್ರತಿ ಸಲ ದಡಕ್ಕೆ ಬಂದಾಗ ಪಟ್ಟಿ ಸಡಿಲಿಸಿ ನೋಡಲಿ. ಎಂಜಿನ್ನಿನ ಅದುರಿಗೆ ಪುಡಿ ತಳದಲ್ಲಿ ಒತ್ತಿಕೊಳ್ಳಬಹುದು, ಆದ್ದರಿಂದ ಸರ್ವಿಸ್ ಮುಂದೂಡಬಾರದು. ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿಗೆ ಮುಳ್ಳೇ ಇರುವುದಿಲ್ಲ, ತಕ್ಕಡಿಯಲ್ಲಿ ತೂಗಬೇಕು. ಅನಿಲ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಕಡಿಮೆಯಾಗಿದ್ದರೆ ಮತ್ತೆ ತುಂಬಿಸಬೇಕು. ಅದರ ಒತ್ತಡ ಪರೀಕ್ಷೆ ಐದು ವರ್ಷಕ್ಕೊಮ್ಮೆ.

ಎಂಜಿನ್ ಕೋಣೆ ಹೊತ್ತಿದರೆ ಮುಚ್ಚಳವನ್ನು ಪೂರ್ತಿ ತೆರೆಯಬಾರದು, ಗಾಳಿ ನುಗ್ಗಿ ಉರಿ ಏರುತ್ತದೆ. ಇಂಧನ ನಿಲ್ಲಿಸಿ, ಸಂದಿಯಿಂದ ಅನಿಲ ಬಿಟ್ಟು ಮುಚ್ಚಬೇಕು. ಆಮೇಲೆ ಒಳಗೆ ಇಳಿಯಲೂಬಾರದು, ಉಸಿರುಗಟ್ಟುತ್ತದೆ. ಸಿಲಿಂಡರ್ ಕೋಣೆಯ ಒಳಗಲ್ಲ, ಹೊರಗೆ ಕೈಗೆಟುಕುವಂತಿರಲಿ.

ದಡದಲ್ಲಿದ್ದರೆ 101 ಅಥವಾ 112, ಸಮುದ್ರದಲ್ಲಿ ಕೋಸ್ಟ್ ಗಾರ್ಡ್‌ನ 1554. ನೆಟ್‌ವರ್ಕ್ ಸಿಗದ ದೂರದಲ್ಲಿ ಬೋಟಿನ ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್. ಅದನ್ನು ಬಳಸುವುದು ಹೇಗೆಂದು ತಾಂಡೇಲರಿಂದ (ಬೋಟು ನಡೆಸುವ ಮುಖ್ಯಸ್ಥ) ಮೊದಲ ವಾರವೇ ಕಲಿತುಕೊಳ್ಳಲಿ.