ಗಾಜಿನ ತೊಟ್ಟಿಯಲ್ಲಿ ಕಡಲು: ಯಾವ ಮೀನಿಗೆ ಯಾವ ಜೊತೆ?

ಮಕ್ಕಳೇ, ಒಂದು ಬೀದಿಯಲ್ಲಿ ಎರಡು ನಾಯಿಗಳು ಕಚ್ಚಾಡಿದರೆ ಸೋತದ್ದು ಏನು ಮಾಡ್ತದೆ? ಬಾಲ ಮುದುರಿಕೊಂಡು ಪಕ್ಕದ ಬೀದಿಗೆ ಓಡ್ತದೆ. ಜಗಳ ಅಲ್ಲಿಗೆ ಮುಗಿಯಿತು. ಅದೇ ಎರಡು ನಾಯಿಗಳನ್ನು ಒಂದು ಕೋಣೆಯಲ್ಲಿ ಕೂಡಿ ಬಾಗಿಲು ಹಾಕಿದರೆ? ಸೋತ ನಾಯಿಗೆ ಓಡಲು ಜಾಗವೇ ಇಲ್ಲ. ಚಿಕ್ಕ ಗಾಜಿನ ತೊಟ್ಟಿಯಲ್ಲಿ ಕಡಲ ಮೀನುಗಳನ್ನು ಸಾಕುವಾಗ ಆಗುವುದೂ ಇದೇ. ಹಾಗಾಗಿ ಅಲ್ಲಿ ಮೀನನ್ನು ಬಣ್ಣ ನೋಡಿ ಆರಿಸಬಾರದು, ಅದರ ಬದುಕು ನೋಡಿ ಆರಿಸಬೇಕು.

ಮೊದಲು ತೊಟ್ಟಿಯ ಲೆಕ್ಕ ಮಾಡೋಣ. ಉದ್ದ 60 ಸೆಂ.ಮೀ., ಅಗಲ 40, ಎತ್ತರ 40. ಗುಣಿಸಿದರೆ 96,000 ಘನ ಸೆಂ.ಮೀ., ಅಂದರೆ 96 ಲೀಟರ್. ಕಲ್ಲು, ಮರಳು, ಮೇಲೆ ಬಿಡುವ ಖಾಲಿ ಜಾಗ ಕಳೆದರೆ ಸುಮಾರು 75 ಲೀಟರ್ ನೀರು ಉಳಿಯುತ್ತದೆ. ಮೀನಿನ ಕಿವಿರುಗಳಿಂದ ಅಮೋನಿಯಾ ಹೊರಬರುತ್ತದೆ, ಅದು ಮೀನಿಗೇ ವಿಷ. ಕಲ್ಲು ಮರಳಿನ ಮೇಲೆ ಬೆಳೆಯುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿ, ನಂತರ ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಾಯಿಸುತ್ತವೆ. ಈ ಬ್ಯಾಕ್ಟೀರಿಯಾಗಳು ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಲ್ಲಿವರೆಗೆ ಮೀನು ಬಿಡಬಾರದು. ಆಮೇಲೂ ಇಷ್ಟು ನೀರಿಗೆ ನಾಲ್ಕು ಚಿಕ್ಕ ಮೀನು ಸಾಕು.

ಆ ನಾಲ್ಕು ಯಾವುವು? ಪ್ರತಿ ಮೀನಿಗೂ ಮೂರು ಪ್ರಶ್ನೆ ಕೇಳಿ.

ಒಂದು: ಬೆಳೆದ ಮೇಲೆ ಎಷ್ಟುದ್ದ? ನೀಲಿ ಟ್ಯಾಂಗ್ ಮೀನು ಅಂಗಡಿಯಲ್ಲಿ ಬೆರಳುದ್ದ ಇರಬಹುದು. ಆದರೆ ಅದು ಸುಮಾರು 30 ಸೆಂ.ಮೀ. ವರೆಗೆ ಬೆಳೆಯುತ್ತದೆ. ನಮ್ಮ ತೊಟ್ಟಿ 60 ಸೆಂ.ಮೀ. ಅಂದರೆ ಮೀನಿನ ಎರಡು ಮೈಯುದ್ದ ಮಾತ್ರ! ದಿನವಿಡೀ ಈಜಾಡುವ ಮೀನಿಗೆ ಅದು ಸೆರೆಮನೆ.

ಎರಡು: ಏನು ತಿನ್ನುತ್ತದೆ? ಸಿಂಹಮೀನು ತನ್ನ ಬಾಯಿಗೆ ಹಿಡಿಸುವ ಯಾವ ಮೀನನ್ನೂ ಬಿಡುವುದಿಲ್ಲ. ಮ್ಯಾಂಡರಿನ್ ಮೀನು ಸಾಧು, ಯಾರನ್ನೂ ಕಚ್ಚುವುದಿಲ್ಲ. ಆದರೆ ಅದು ಕಲ್ಲಿನ ಮೇಲಿನ ಕೋಪೆಪಾಡ್ ಎಂಬ ಸೂಕ್ಷ್ಮ ಜೀವಿಗಳನ್ನು ದಿನವಿಡೀ ಹೆಕ್ಕಿ ತಿನ್ನುತ್ತದೆ. ಚಿಕ್ಕ ತೊಟ್ಟಿಯಲ್ಲಿ ಅವು ಬೇಗ ಮುಗಿದುಹೋಗುತ್ತವೆ. ನಾವು ಹಾಕುವ ಒಣ ಆಹಾರವನ್ನು ಅದು ಸಾಮಾನ್ಯವಾಗಿ ಮುಟ್ಟುವುದಿಲ್ಲ. ತೊಟ್ಟಿ ತುಂಬ ಆಹಾರವಿದ್ದರೂ ಹಸಿವಿನಿಂದ ಸೊರಗಿ ಸಾಯುತ್ತದೆ. ಜಗಳವಿಲ್ಲದ ಮಾತ್ರಕ್ಕೆ ಹೊಂದಾಣಿಕೆ ಇದೆ ಎಂದಲ್ಲ, ನೋಡಿ.

ಮೂರು: ಎಲ್ಲಿ ಇರುತ್ತದೆ, ಯಾರನ್ನು ಎದುರಾಳಿ ಅಂತ ತಿಳಿಯುತ್ತದೆ? ಡ್ಯಾಮ್ಸೆಲ್ ಮೀನು ಗಟ್ಟಿಮುಟ್ಟು, ಬೆಲೆಯೂ ಕಡಿಮೆ. ಆದರೆ ಒಂದು ಕಲ್ಲನ್ನು ತನ್ನದೆಂದು ಹಿಡಿದುಕೊಂಡರೆ ಹತ್ತಿರ ಬಂದವರನ್ನೆಲ್ಲ ಅಟ್ಟುತ್ತದೆ. ಕಡಲಿನಲ್ಲಿ ಓಡಿಸಿಕೊಂಡ ಮೀನು ಬೇರೆ ಕಲ್ಲಿಗೆ ಹೋಗುತ್ತದೆ. ತೊಟ್ಟಿಯಲ್ಲಿ ಎಲ್ಲಿಗೆ ಹೋಗ್ತದೆ?

ಈ ಮೂರನೆಯ ಪ್ರಶ್ನೆಯ ಹಿಂದೆ ಒಂದು ಹೆಸರಾಂತ ಪ್ರಯೋಗವಿದೆ. ರಷ್ಯಾದ ವಿಜ್ಞಾನಿ ಗಾಸ್ ಎರಡು ಜಾತಿಯ ಪ್ಯಾರಾಮೀಸಿಯಂಗಳನ್ನು ಒಂದೇ ಪಾತ್ರೆಯಲ್ಲಿ, ಒಂದೇ ಆಹಾರ ಕೊಟ್ಟು ಬೆಳೆಸಿದರು. ಒಂದು ಜಾತಿ ಉಳಿಯಿತು, ಇನ್ನೊಂದು ಅಳಿಯಿತು. 1934ರಲ್ಲಿ ಅವರು ಇದನ್ನು ಪುಸ್ತಕದಲ್ಲಿ ಪ್ರಕಟಿಸಿದರು. ಇನ್ನೊಂದು ಪ್ರಯೋಗದಲ್ಲಿ ಒಂದು ಜಾತಿ ಪಾತ್ರೆಯ ತಳದಲ್ಲಿ, ಮತ್ತೊಂದು ಮೇಲಿನ ನೀರಿನಲ್ಲಿ ಆಹಾರ ಹುಡುಕಿಕೊಂಡಿತು. ಆಗ ಎರಡೂ ಬದುಕಿದವು. ನಮ್ಮ ತೊಟ್ಟಿಗೂ ಇದೇ ಪಾಠ: ಒಂದೇ ಜಾಗ, ಒಂದೇ ಆಕಾರ, ಒಂದೇ ಊಟ ಇರುವ ಮೀನುಗಳನ್ನು ಕೂಡಿಸಬೇಡಿ. ಜಾಗ ಹಂಚಿಕೊಳ್ಳುವವರನ್ನು ಆರಿಸಿ.

ಹಾಗೆ ಆರಿಸಿದರೆ ಹೀಗೊಂದು ಗುಂಪು ಸಿಗುತ್ತದೆ.

ತಳದ ಮರಳಿಗೆ ಹಳದಿ ಗೋಬಿ ಮೀನು, ಜೊತೆಗೆ ಪಿಸ್ತೂಲು ಸಿಗಡಿ. ಸಿಗಡಿಗೆ ಕಣ್ಣು ಮಂದ, ಬಿಲ ತೋಡುವುದರಲ್ಲಿ ಜಾಣ. ಗೋಬಿ ಬಿಲದ ಬಾಯಲ್ಲಿ ಕಾವಲು ಕೂರುತ್ತದೆ. ಸಿಗಡಿ ಹೊರಬಂದಾಗ ಒಂದು ಮೀಸೆಯನ್ನು ಗೋಬಿಯ ಮೈಗೆ ತಾಗಿಸಿಕೊಂಡೇ ಇರುತ್ತದೆ. ಅಪಾಯ ಕಂಡರೆ ಗೋಬಿ ಬಾಲ ಅಲುಗಿಸುತ್ತದೆ, ಇಬ್ಬರೂ ಬಿಲದೊಳಗೆ. ನೀವು ಓದಿದ ಸಹಜೀವನಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ನಡುವಿನ ನೀರಿಗೆ ಒಂದೇ ಒಂದು ಫೈರ್‌ಫಿಶ್. ಬಿಲದ ಮೇಲೆ ತೇಲುತ್ತಾ ನೀರಿನಲ್ಲಿ ಬರುವ ಚೂರುಗಳನ್ನು ತಿನ್ನುತ್ತದೆ. ಬಹಳ ಅಂಜುಬುರುಕ. ಹೆದರಿದರೆ ತೊಟ್ಟಿಯಿಂದ ಹೊರಗೇ ಹಾರುತ್ತದೆ, ಆದ್ದರಿಂದ ಮೇಲೆ ಬಲೆಯ ಮುಚ್ಚಳ ಬೇಕೇ ಬೇಕು.

ಒಂದು ಮೂಲೆಗೆ ಕ್ಲೌನ್ ಮೀನಿನ ಜೋಡಿ. ಇವುಗಳಲ್ಲಿ ಎಲ್ಲ ಮರಿಗಳೂ ಮೊದಲು ಗಂಡಾಗಿಯೇ ಬೆಳೆಯುತ್ತವೆ. ಗುಂಪಿನಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಒಮ್ಮೆ ಹೆಣ್ಣಾದದ್ದು ಮತ್ತೆ ಗಂಡಾಗುವುದಿಲ್ಲ. ದೊಡ್ಡದಾದ ಎರಡು ಮೀನು ತಂದರೆ ಎರಡೂ ಹೆಣ್ಣಾಗಿರಬಹುದು, ಆಗ ಕಾದಾಟ ಖಂಡಿತ. ಒಂದು ಚಿಕ್ಕದು, ಒಂದು ಸ್ವಲ್ಪ ದೊಡ್ಡದು, ಎರಡೂ ಎಳೆಯವು ಇರಲಿ.

ಬಿಡುವ ಕ್ರಮವೂ ಮುಖ್ಯ. ಮೊದಲು ಬಂದವರು ಜಾಗ ಹಿಡಿಯುತ್ತಾರೆ, ಬಸ್ಸಿನ ಸೀಟಿನ ಹಾಗೆ. ಆದ್ದರಿಂದ ಅಂಜುಬುರುಕ ಫೈರ್‌ಫಿಶ್ ಮೊದಲು, ಆಮೇಲೆ ಗೋಬಿ, ಕೊನೆಗೆ ಕ್ಲೌನ್ ಜೋಡಿ. ನಡುವೆ ಎರಡು ವಾರವಾದರೂ ಬಿಡುವು ಕೊಡಿ. ಹೆಚ್ಚಿದ ಅಮೋನಿಯಾಕ್ಕೆ ತಕ್ಕಷ್ಟು ಬ್ಯಾಕ್ಟೀರಿಯಾ ಬೆಳೆಯಲೂ ಸಮಯ ಬೇಕಲ್ಲ!

ಇನ್ನೊಂದು ಮಾತು. ನಮ್ಮ ಪಶ್ಚಿಮದ ಕಡಲಿನಾಚೆ ಲಕ್ಷದ್ವೀಪ ನಿಂತಿರುವುದೇ ಹವಳದ ಮೇಲೆ. ದಿಬ್ಬ ಕಟ್ಟುವ ಹವಳಗಳಿಗೆ ನಮ್ಮ ದೇಶದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಕಡಲಿನಿಂದ ಕಿತ್ತು ತರುವುದು ಅಪರಾಧ. ತೊಟ್ಟಿಗೆ ಸಾಧಾರಣ ರಂಧ್ರವಿರುವ ಕಲ್ಲು ಸಾಕು. ಅಂಗಡಿಯ ಕಡಲ ಮೀನುಗಳಲ್ಲಿ ಹೆಚ್ಚಿನವು ದಿಬ್ಬಗಳಿಂದಲೇ ಹಿಡಿದವು. ತಪ್ಪು ಜೊತೆಯಿಂದ ಒಂದು ಮೀನು ಸತ್ತು ನಾವು ಇನ್ನೊಂದು ತಂದರೆ ದಿಬ್ಬದಲ್ಲಿ ಮತ್ತೊಂದು ಕಡಿಮೆಯಾಯಿತು. ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿ ಮಾಡಿಸಲು ಬರುತ್ತದೆ. ಕೊಚ್ಚಿಯಲ್ಲಿ ಮುಖ್ಯ ಕಚೇರಿ ಇರುವ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಈ ಕೆಲಸ ಮಾಡಿ ತೋರಿಸಿದೆ. ಅಂಥ ಮರಿಗಳನ್ನೇ ಕೇಳಿ ತರಬೇಕು.

ನೀವೇ ಮಾಡಿ ನೋಡಿ

1. ನಮ್ಮ ತೊಟ್ಟಿಗೆ ಇನ್ನೊಂದು ಫೈರ್‌ಫಿಶ್ ಬಿಟ್ಟರೆ ಏನಾಗಬಹುದು? ಗಾಸ್ ಅವರ ಪ್ರಯೋಗ ನೆನಪಿಸಿಕೊಂಡು ಬರೆಯಿರಿ.

2. ಚಿಟ್ಟೆಮೀನುಗಳಲ್ಲಿ ಹಲವು ಜಾತಿಗಳು ಜೀವಂತ ಹವಳವನ್ನೇ ತಿನ್ನುತ್ತವೆ. ಇದು ಯಾವ ಪ್ರಶ್ನೆಯಲ್ಲಿ ಸೋಲುತ್ತದೆ?

3. ತೊಟ್ಟಿ ಇಲ್ಲದಿದ್ದರೂ ಚಿಂತೆ ಬೇಡ. ಶಾಲೆಯ ಹತ್ತಿರದ ಗದ್ದೆ ಅಥವಾ ಕೆರೆಯ ಬದಿಯಲ್ಲಿ ಅರ್ಧ ಗಂಟೆ ಸುಮ್ಮನೆ ಕುಳಿತುಕೊಳ್ಳಿ. ಬೆಳ್ಳಕ್ಕಿ, ಮಿಂಚುಳ್ಳಿ, ನೀರುಕಾಗೆಗಳು ಎಲ್ಲಿ ನಿಲ್ಲುತ್ತವೆ, ಹೇಗೆ ಬೇಟೆಯಾಡುತ್ತವೆ ಎಂದು ಪಟ್ಟಿ ಮಾಡಿ. ಒಂದೇ ನೀರಿನಲ್ಲಿ ಮೂವರೂ ಹೇಗೆ ಊಟ ಹಂಚಿಕೊಂಡಿದ್ದಾರೆ ಎಂದು ತರಗತಿಯಲ್ಲಿ ಹೇಳಿ.