ಪ್ರಮಾಣಬದ್ಧ ಮೋಟಾರು ಮಾದರಿಗಳು: ಕೈ ಮತ್ತು ಕಣ್ಣಿನ ಶಿಕ್ಷಣ

ಮೋಟಾರು ಕಾರಿನ ಪುಟ್ಟ ಪ್ರತಿರೂಪವೊಂದನ್ನು ಕಂಡೊಡನೆ ಅದನ್ನು ಆಟಿಕೆಯೆಂದು ಕರೆದು ಮಕ್ಕಳ ಕೈಗಿತ್ತು ಸುಮ್ಮನಾಗುವುದು ನಮ್ಮಲ್ಲಿ ಸಾಮಾನ್ಯ. ಆದರೆ ಆಟಿಕೆಗೂ ಮಾದರಿಗೂ ಮೂಲಭೂತವಾದ ವ್ಯತ್ಯಾಸವೊಂದುಂಟು. ಆಟಿಕೆಯು ಕಾರನ್ನು ನೆನಪಿಗೆ ತಂದರೆ ಸಾಕು. ಮಾದರಿಯು ಮೂಲ ಕಾರಿಗೆ ಲೆಕ್ಕ ಒಪ್ಪಿಸಬೇಕು. ಗಾಲಿಯ ವ್ಯಾಸ, ಬಾಗಿಲಿನ ಅಗಲ, ಛಾವಣಿಯ ಎತ್ತರ ಇವೆಲ್ಲವೂ ಒಂದೇ ಭಾಜಕದಿಂದ ಕುಗ್ಗಿರಬೇಕು. ಈ ಭಾಜಕವನ್ನೇ ನಾವು ಪ್ರಮಾಣವೆನ್ನುತ್ತೇವೆ. ಪ್ರಮಾಣವೆಂಬ ಶಬ್ದಕ್ಕೆ ನಮ್ಮ ಭಾಷೆಯಲ್ಲಿ ಅಳತೆಯೆಂದೂ ಆಧಾರವೆಂದೂ ಆಣೆಯೆಂದೂ ಅರ್ಥಗಳಿವೆ. ಪ್ರಾಮಾಣಿಕತೆ ಎಂಬ ಮಾತೂ ಅದೇ ಮೂಲದಿಂದ ಬಂದುದು. ಅಳತೆಗೆ ನಿಷ್ಠವಾದ ಕೈಕೆಲಸವು, ಅದನ್ನು ಬಲ್ಲ ನಾಲ್ವರ ಮುಂದೆ ಇಟ್ಟಾಗ, ಹೇಗೆ ಒಂದು ಶಿಕ್ಷಣವಾಗುತ್ತದೆ ಎಂಬುದನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಪ್ರಮಾಣದ ಗಣಿತ

ಮೋಟಾರು ಮಾದರಿಗಳಲ್ಲಿ ಬಳಕೆಯಲ್ಲಿರುವ ಪ್ರಮಾಣಗಳು ಹಲವು. ಇವುಗಳಲ್ಲಿ 1:12, 1:18, 1:24, 1:25 ಮತ್ತು 1:43 ಮುಖ್ಯವಾದವು. 1:24 ಎಂದರೆ ಒಂದು ಅಡಿಗೆ ಅರ್ಧ ಅಂಗುಲ. 1:43 ಎಂಬ ವಿಚಿತ್ರ ಸಂಖ್ಯೆ ಬಂದದ್ದು ಆಟಿಕೆ ರೈಲುಗಳಿಂದ. ಅಲ್ಲಿ ಒಂದು ಅಡಿಗೆ 7 ಮಿಲಿಮೀಟರ್ ಎಂಬ ಲೆಕ್ಕವಿತ್ತು. ನಮ್ಮ ರಸ್ತೆಗಳಲ್ಲಿ ದಶಕಗಳ ಕಾಲ ಓಡಿದ ಅಂಬಾಸಿಡರ್ ಕಾರಿನ ಉದ್ದ ಸುಮಾರು 4.3 ಮೀಟರ್. 1:24ರಲ್ಲಿ ಅದು ಸುಮಾರು 18 ಸೆಂಟಿಮೀಟರ್ ಆಗುತ್ತದೆ; 1:43ರಲ್ಲಿ ಸುಮಾರು 10 ಸೆಂಟಿಮೀಟರ್.

ಇಲ್ಲಿಯವರೆಗಿನದು ಸರಳ ಭಾಗಾಕಾರ. ಮುಂದಿನ ಹೆಜ್ಜೆಯಲ್ಲಿ ವಿದ್ಯಾರ್ಥಿಗೆ ಅಚ್ಚರಿ ಕಾದಿದೆ. ಉದ್ದವು 24ರಿಂದ ಭಾಗವಾದರೆ ಮೇಲ್ಮೈ 576ರಿಂದಲೂ ಘನಗಾತ್ರ 13,824ರಿಂದಲೂ ಭಾಗವಾಗುತ್ತದೆ. 1,100 ಕಿಲೋಗ್ರಾಂ ತೂಗುವ ಕಾರೊಂದನ್ನು ಅದೇ ವಸ್ತುಗಳಿಂದ, ಎಲ್ಲ ದಪ್ಪಗಳನ್ನೂ ಅದೇ ಪ್ರಮಾಣದಲ್ಲಿ ತಗ್ಗಿಸಿ ನಿರ್ಮಿಸಿದರೆ, ಅದು ತೂಗುವುದು ಕೇವಲ 80 ಗ್ರಾಂ. ಕೋನಗಳಾದರೋ ಸ್ವಲ್ಪವೂ ಕುಗ್ಗುವುದಿಲ್ಲ; ಮುಂಗಾಜಿನ ಓರೆ ದೊಡ್ಡ ಕಾರಿನಲ್ಲಿ ಎಷ್ಟೋ ಮಾದರಿಯಲ್ಲಿಯೂ ಅಷ್ಟೇ. ವರ್ಗ, ಘನ ಮತ್ತು ಸದೃಶ ಆಕೃತಿಗಳ ಪಾಠವನ್ನು ಕರಿಹಲಗೆಯ ಮೇಲೆ ಕಲಿತು ಮರೆತವನು, ಒಮ್ಮೆ ಕೈಯಿಂದ ಮಾಡಿ ನೋಡಿದರೆ ಅದನ್ನು ಮರೆಯಲಾರ.

ಪ್ರಮಾಣವು ಬಣ್ಣವನ್ನೂ ಬಿಡುವುದಿಲ್ಲ. ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ದಪ್ಪನಾದ ಬಣ್ಣದ ಲೇಪವು ನಮ್ಮ ಕಣ್ಣಿಗೆ ತೆಳುವೇ ಸರಿ. ಆದರೆ 1:24ರ ಮಾದರಿಯ ಮೇಲೆ ಅದು ದೊಡ್ಡ ಕಾರಿನ ಮೇಲಣ 2.4 ಮಿಲಿಮೀಟರ್ ಲೇಪಕ್ಕೆ ಸಮ! ಬಾಗಿಲಿನ ಸುತ್ತಲಿನ 5 ಮಿಲಿಮೀಟರ್ ಸಂದು ಮಾದರಿಯಲ್ಲಿ 0.2 ಮಿಲಿಮೀಟರಿಗೆ ಇಳಿದಿರುವುದರಿಂದ, ಅವಸರದ ಒಂದು ದಪ್ಪ ಲೇಪದಲ್ಲಿ ಬಾಗಿಲೇ ಮುಳುಗಿಹೋಗುತ್ತದೆ. ಆದುದರಿಂದಲೇ ನುರಿತವರು ತೆಳುವಾದ ಹಲವು ಲೇಪಗಳನ್ನು, ಒಂದೊಂದೂ ಒಣಗುವವರೆಗೆ ಕಾದು, ಹಚ್ಚುತ್ತಾರೆ. ತಾಳ್ಮೆಯೆಂಬುದು ಇಲ್ಲಿ ಉಪದೇಶದ ಮಾತಾಗಿರದೆ ಗಣಿತದಿಂದಲೇ ಹುಟ್ಟಿದ ನಿಯಮವಾಗಿದೆ.

ನಿರ್ಮಾಣದ ಕ್ರಮ

ಬಿಡಿಭಾಗಗಳನ್ನು ಮೊದಲು ಸಾಬೂನು ನೀರಿನಲ್ಲಿ ತೊಳೆದು, ಅಚ್ಚಿನಿಂದ ಅಂಟಿಬಂದ ಜಿಡ್ಡನ್ನು ಕಳೆಯಬೇಕು; ಜಿಡ್ಡಿನ ಮೇಲೆ ಬಣ್ಣ ನಿಲ್ಲದು. ಅನಂತರ ಅಂಟು ಹಾಕದೆಯೇ ಭಾಗಗಳನ್ನು ಜೋಡಿಸಿ ನೋಡಬೇಕು. ಹೊಂದದ ಅಂಚನ್ನು ಸಣ್ಣ ಅರದಿಂದ ಉಜ್ಜಿ, ಒರಟು ಮರಳು ಕಾಗದದಿಂದ ಆರಂಭಿಸಿ ನಯವಾದುದರವರೆಗೆ ಕ್ರಮವಾಗಿ ತಿಕ್ಕಬೇಕು. ಅಂಟನ್ನು ಸೂಜಿಯ ಮೊನೆಯಷ್ಟು ಮಾತ್ರ ಬಳಸಬೇಕು. ಪಾರದರ್ಶಕ ಭಾಗಗಳಿಗೆ ಸಾಮಾನ್ಯ ಅಂಟು ತಾಗಿದರೆ ಗಾಜು ಮಂಜಾಗುವುದು. ಇಂಜಿನ್, ಚೌಕಟ್ಟು, ಒಳಾಂಗಣ, ಹೊರಮೈ ಇವುಗಳನ್ನು ಪ್ರತ್ಯೇಕವಾಗಿ ಮುಗಿಸಿ ಕೊನೆಯಲ್ಲಿ ಕೂಡಿಸುವುದು ವಾಡಿಕೆ.

ಮಾದರಿ ಮುಗಿದ ಮೇಲೆ ಮೊದಲ ಪರೀಕ್ಷೆ ಅತ್ಯಂತ ಸರಳವಾದುದು. ಸಮತಲವಾದ ಗಾಜಿನ ಮೇಲಿಟ್ಟಾಗ ನಾಲ್ಕು ಗಾಲಿಗಳೂ ನೆಲ ಮುಟ್ಟುತ್ತವೆಯೇ? ಮೂರು ಗಾಲಿಗಳ ಮೇಲೆ ನಿಂತ ಕಾರಿಗೆ ಎಷ್ಟೇ ಹೊಳಪಿದ್ದರೂ ಬಲ್ಲವರು ಅದನ್ನು ಬದಿಗಿಡುತ್ತಾರೆ. ಅಡಿಪಾಯದ ನಿಷ್ಠೆಯನ್ನು ಮೊದಲು ನೋಡಿ ಅಲಂಕಾರವನ್ನು ಆಮೇಲೆ ನೋಡುವುದು ಈ ಹವ್ಯಾಸದ ತೀರ್ಪುಗಾರರು ಉಳಿಸಿಕೊಂಡು ಬಂದಿರುವ ಸತ್ಸಂಪ್ರದಾಯ.

ಒಂದು ಐತಿಹಾಸಿಕ ಪ್ರಯೋಗ

ಈ ಹವ್ಯಾಸವನ್ನು ಶಿಕ್ಷಣದೊಡನೆ ಬೆಸೆದ ಸುಪ್ರಸಿದ್ಧ ಪ್ರಯೋಗ ನಡೆದದ್ದು ಅಮೆರಿಕದಲ್ಲಿ. ಜನರಲ್ ಮೋಟಾರ್ಸ್ ಸಂಸ್ಥೆಯ ಫಿಶರ್ ಬಾಡಿ ವಿಭಾಗವು 1930ರಲ್ಲಿ ಹದಿಹರೆಯದ ಬಾಲಕರಿಗಾಗಿ 'ಫಿಶರ್ ಬಾಡಿ ಕ್ರಾಫ್ಟ್ಸ್‌ಮನ್ಸ್ ಗಿಲ್ಡ್' ಎಂಬ ಕುಶಲಕರ್ಮಿಗಳ ಕೂಟವನ್ನು ಸ್ಥಾಪಿಸಿತು. ಆರಂಭದಲ್ಲಿ ಸ್ಪರ್ಧಿಗಳು ನೆಪೋಲಿಯನ್ ಕಾಲದ ರಾಜಸಾರೋಟಿನ ಪುಟ್ಟ ಮಾದರಿಯನ್ನು, ಕೊಟ್ಟ ನಕ್ಷೆಗೆ ಸರಿಯಾಗಿ, ಸ್ವಹಸ್ತದಿಂದ ನಿರ್ಮಿಸಬೇಕಾಗಿತ್ತು. ಆ ಸಾರೋಟು ಫಿಶರ್ ಬಾಡಿಯ ಲಾಂಛನವಾಗಿತ್ತು. ಮರ, ಲೋಹ, ಬಟ್ಟೆ, ಬಣ್ಣ ಇವೆಲ್ಲದರಲ್ಲಿಯೂ ಕೈ ಪಳಗದ ಹೊರತು ಈ ಕಾರ್ಯ ಸಾಧ್ಯವಿರಲಿಲ್ಲ. ಅತ್ಯುನ್ನತ ಬಹುಮಾನವು 5,000 ಡಾಲರುಗಳ ವಿಶ್ವವಿದ್ಯಾಲಯ ವಿದ್ಯಾರ್ಥಿವೇತನ. ಆರ್ಥಿಕ ಮುಗ್ಗಟ್ಟಿನ ಆ ವರ್ಷಗಳಲ್ಲಿ ಅದು ಒಂದು ಕುಟುಂಬದ ಭವಿಷ್ಯವನ್ನೇ ಬದಲಿಸಬಲ್ಲ ಮೊತ್ತವಾಗಿತ್ತು.

1937ರಲ್ಲಿ ಗಿಲ್ಡ್ ಮಹತ್ವದ ಹೆಜ್ಜೆಯೊಂದನ್ನಿಟ್ಟಿತು. ಸಾರೋಟಿನ ಜೊತೆಗೆ, ಬಾಲಕರು ಸ್ವತಃ ಕಲ್ಪಿಸಿದ ಮೋಟಾರು ಕಾರಿನ ಮಾದರಿಗಳಿಗೂ ಅವಕಾಶ ದೊರೆಯಿತು. ಎರಡನೆಯ ಮಹಾಯುದ್ಧದ ತರುವಾಯ ಸಾರೋಟಿನ ವಿಭಾಗವು ಮುಗಿದು, 1:12 ಪ್ರಮಾಣದ ಕಾರುಗಳೇ ಉಳಿದವು. ಶಿಕ್ಷಕರು ಗಮನಿಸಬೇಕಾದ ಅಂಶ ಇಲ್ಲಿದೆ. ಮೊದಲು ಅನುಕರಣೆಯ ಶಿಸ್ತು, ಬಳಿಕ ಸೃಷ್ಟಿಯ ಸ್ವಾತಂತ್ರ್ಯ ಎಂಬ ಕ್ರಮವು ಈ ಕೂಟದ ಇತಿಹಾಸದಲ್ಲಿಯೇ ಅಡಕವಾಗಿದೆ. 1947ರಲ್ಲಿ ರಾಷ್ಟ್ರಮಟ್ಟದ ಬಹುಮಾನ ಗಳಿಸಿದ ಚಕ್ ಜೋರ್ಡಾನ್ ಮುಂದೆ ಅದೇ ಜನರಲ್ ಮೋಟಾರ್ಸ್ ಸಂಸ್ಥೆಯನ್ನು ಸೇರಿ, 1986ರಿಂದ 1992ರವರೆಗೆ ಅದರ ವಿನ್ಯಾಸ ವಿಭಾಗದ ಮುಖ್ಯಸ್ಥರಾಗಿದ್ದರು. ಮೇಜಿನ ಮೇಲೆ ಪುಟ್ಟ ಕಾರನ್ನು ರೂಪಿಸಿದ ಕೈಯೇ ಹೆದ್ದಾರಿಯ ಕಾರುಗಳನ್ನೂ ರೂಪಿಸಿತು.

ಈ ಪ್ರಯೋಗದಲ್ಲಿ ದೊಡ್ಡದೊಂದು ಲೋಪವೂ ಇತ್ತು. 1968ರಲ್ಲಿ ಗಿಲ್ಡ್ ಮುಕ್ತಾಯವಾಗುವವರೆಗೂ ಬಾಲಕಿಯರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಅರಕ್ಕಾಗಲಿ ಅಳತೆಗೋಲಿಗಾಗಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಅಷ್ಟು ದೊಡ್ಡ ದಾನವೂ ಸಮಾಜದ ಅರ್ಧಭಾಗವನ್ನು ಹೊರಗಿಟ್ಟೇ ನಡೆಯಿತೆಂಬುದನ್ನು ವಿದ್ಯಾದಾನದಲ್ಲಿ ತೊಡಗಿದವರೆಲ್ಲರೂ ನೆನಪಿನಲ್ಲಿಡುವುದು ಒಳಿತು.

ಹಂಚಿಕೊಂಡಾಗ ಹೆಚ್ಚುವ ವಿದ್ಯೆ

ಗಿಲ್ಡ್ ಇನ್ನೂ ನಡೆಯುತ್ತಿದ್ದಾಗಲೇ ಪ್ಲಾಸ್ಟಿಕ್ ಯುಗವು ಕಾಲಿಟ್ಟಿತು. ಕಾರು ಮಾರಾಟಗಾರರಿಗಾಗಿ ಪ್ರಚಾರದ ಮಾದರಿಗಳನ್ನು ತಯಾರಿಸುತ್ತಿದ್ದ ಎ.ಎಂ.ಟಿ. ಕಂಪನಿಯು 1958ರಲ್ಲಿ 1:25 ಪ್ರಮಾಣದ ಬಿಡಿಭಾಗಗಳ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದಿತು. ಒಂದೇ ಪೆಟ್ಟಿಗೆಯಿಂದ ಮೂರು ಬಗೆಯಲ್ಲಿ ಕಾರನ್ನು ಜೋಡಿಸಬಹುದಾಗಿತ್ತು. ಜೋಡಿಸಿದವನ ಬಳಿ ಬಳಸದ ಭಾಗಗಳು ಉಳಿಯುತ್ತಿದ್ದವು. ಅವನ್ನು ಹವ್ಯಾಸಿಗಳು ಕೂಡಿಟ್ಟು ಪರಸ್ಪರ ಬದಲಾಯಿಸಿಕೊಳ್ಳತೊಡಗಿದರು. ಒಬ್ಬನಲ್ಲಿ ಉಳಿದ ಗಾಲಿ ಮತ್ತೊಬ್ಬನ ಕಾರನ್ನು ಪೂರ್ಣಗೊಳಿಸಿತು. ಬ್ರಿಟನ್ನಿನಲ್ಲಿ 1963ರಲ್ಲಿ ಆರಂಭವಾದ ಪ್ಲಾಸ್ಟಿಕ್ ಮಾದರಿಕಾರರ ಸಂಘವು ಮುಂದೆ ಅಂತಾರಾಷ್ಟ್ರೀಯ ಸ್ವರೂಪ ತಾಳಿ ಅನೇಕ ದೇಶಗಳಲ್ಲಿ ಶಾಖೆಗಳನ್ನು ಪಡೆಯಿತು.

ಪೆಟ್ಟಿಗೆಯೊಳಗಿನ ಭಾಗಗಳು ಎಲ್ಲರಿಗೂ ಒಂದೇ ಆಗಿರುವಾಗ ಒಂದು ಮಾದರಿಗೂ ಇನ್ನೊಂದಕ್ಕೂ ಭೇದವೇನು ಎಂದು ಕೇಳಬಹುದು. ಭೇದವು ಮಾಡಿದವನ ಎಚ್ಚರದಲ್ಲಿದೆ. ಆ ಎಚ್ಚರ ಬೆಳೆಯುವುದು ಸಹವಾಸದಲ್ಲಿ. ವಾರಗಟ್ಟಲೆ ಒಂದೇ ವಸ್ತುವನ್ನು ನೋಡಿದ ಕಣ್ಣು ಅದರ ದೋಷಕ್ಕೆ ಒಗ್ಗಿಹೋಗುತ್ತದೆ. ತುಸು ಓರೆಯಾದ ಬಂಪರ್ ಮಾಡಿದವನಿಗೆ ಕಾಣಿಸದು, ಪಕ್ಕದಲ್ಲಿ ಕುಳಿತವನಿಗೆ ಕ್ಷಣಮಾತ್ರದಲ್ಲಿ ಕಾಣಿಸುತ್ತದೆ. ಬೆಳ್ಳಿಬಣ್ಣದ ಕೆಳಗೆ ಹೊಳೆಯುವ ಕಪ್ಪನ್ನು ಬಳಿದರೆ ಲೋಹದ ಕಾಂತಿ ಹೆಚ್ಚುತ್ತದೆ, ಹೊಸ ಟೈರಿನ ನೆಲ ಮುಟ್ಟುವ ಭಾಗವನ್ನು ಮರಳು ಕಾಗದದಿಂದ ತಿಕ್ಕಿದರೆ ಅದು ರಸ್ತೆ ಕಂಡ ಟೈರಿನಂತಾಗುತ್ತದೆ ಎಂಬಂತಹ ಉಪಾಯಗಳು ಹೀಗೆ ಕೂಡಿ ಕುಳಿತಲ್ಲಿ ಕೈಯಿಂದ ಕೈಗೆ ದಾಟುತ್ತವೆ. ಬಚ್ಚಿಟ್ಟರೆ ಒಬ್ಬನೊಡನೆ ಅಳಿಯುವ ಈ ತಿಳಿವು ಹಂಚಿದಷ್ಟೂ ಬೆಳೆಯುತ್ತದೆ.

ತಯಾರಕರಿಗೂ ಇದೇ ಶ್ರದ್ಧೆ ಬೇಕು. ಜಪಾನಿನ ತಮಿಯಾ ಕಂಪನಿಯು 1976ರಲ್ಲಿ 1:12 ಪ್ರಮಾಣದ ಪೋರ್ಷೆ 934 ಮಾದರಿಯನ್ನು ಹೊರತರುವ ಮುನ್ನ, ನಿಜವಾದ ಪೋರ್ಷೆ 911 ಕಾರೊಂದನ್ನು ಕೊಂಡು, ಬಿಚ್ಚಿ, ಅದರ ಭಾಗಗಳನ್ನು ಅಭ್ಯಸಿಸಿತು. ಸಣ್ಣದನ್ನು ಸರಿಯಾಗಿ ಮಾಡಬೇಕಾದರೆ ದೊಡ್ಡದನ್ನು ಪೂರ್ಣವಾಗಿ ಅರಿಯಬೇಕೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ನಮ್ಮ ಶಾಲೆಗಳಿಗೊಂದು ಸೂಚನೆ

ಬೆಲೆಬಾಳುವ ಪೆಟ್ಟಿಗೆಗಳು ನಮ್ಮ ಮಕ್ಕಳಿಗೆ ದೊರೆಯದಿರಬಹುದು, ಅದು ಅಡ್ಡಿಯಾಗಬೇಕಿಲ್ಲ. ರಟ್ಟು, ಹಗುರವಾದ ಮರ, ಅಂಟು, ಅಳತೆಗೋಲು ಮತ್ತು ಕೈವಾರ ಇಷ್ಟಿದ್ದರೆ ಆರಂಭಕ್ಕೆ ಸಾಕು. ಶಾಲೆಯ ಮುಂದೆ ನಿಲ್ಲುವ ಯಾವುದಾದರೂ ಕಾರನ್ನು ಮಕ್ಕಳೇ ಅಳೆಯಲಿ, ಅಳತೆಗಳನ್ನು 24ರಿಂದ ಭಾಗಿಸಲಿ, ನಕ್ಷೆ ಬರೆಯಲಿ, ಕತ್ತರಿಸಿ ಜೋಡಿಸಲಿ. ತಿಂಗಳಿಗೊಮ್ಮೆ ಎಲ್ಲ ಮಾದರಿಗಳನ್ನೂ ಒಂದೇ ಮೇಜಿನ ಮೇಲಿಟ್ಟು, ಪ್ರತಿಯೊಬ್ಬರೂ ತಮ್ಮದು ಎಲ್ಲಿ ಸರಿಯಾಯಿತು, ಎಲ್ಲಿ ತಪ್ಪಿತು ಎಂಬುದನ್ನು ತಾವೇ ವಿವರಿಸುವಂತಾಗಲಿ. ಅಧ್ಯಾಪಕರು ಅಂಕ ಕೊಡುವ ಮೊದಲು ಗೆಳೆಯರ ಮಾತಿಗೆ ಅವಕಾಶ ಕೊಡಲಿ. ಹಳೆಯ ವಿದ್ಯಾರ್ಥಿಗಳು ಮತ್ತು ದಾನಿಗಳು ಒಂದು ಸಣ್ಣ ಕಾರ್ಯಾಗಾರಕ್ಕೂ ಕೆಲವು ಉಪಕರಣಗಳಿಗೂ ನೆರವಾದರೆ, ಆ ಧನವು ಪುಸ್ತಕಕ್ಕೆ ಕೊಟ್ಟ ಧನದಷ್ಟೇ ಸಾರ್ಥಕವಾಗುವುದು.

ಪರೀಕ್ಷೆಯ ಉತ್ತರವನ್ನು ಕಂಠಪಾಠ ಮಾಡಿ ಒಪ್ಪಿಸಬಹುದು. ನಾಲ್ಕು ಗಾಲಿಗಳ ಮೇಲೆ ಸಮನಾಗಿ ನಿಲ್ಲುವ ಕಾರನ್ನು ಹಾಗೆ ಒಪ್ಪಿಸಲಾಗದು. ಅಳತೆಗೆ ತಲೆಬಾಗುವ ಕೈ, ತಪ್ಪನ್ನು ಕಾಣುವ ಕಣ್ಣು, ತಿಳಿದುದನ್ನು ಹಂಚುವ ಮನಸ್ಸು ಈ ಮೂರನ್ನೂ ಒಟ್ಟಿಗೆ ಕಲಿಸಬಲ್ಲ ಈ ಸರಳ ಹವ್ಯಾಸಕ್ಕೆ ನಮ್ಮ ವಿದ್ಯಾಸಂಸ್ಥೆಗಳಲ್ಲಿ ಒಂದು ಮೇಜಿನಷ್ಟು ಸ್ಥಳವಾದರೂ ದೊರೆಯಲೆಂದು ಆಶಿಸೋಣ.