ಚಪ್ಪಾಳೆ ತಟ್ಟಿದ ಮೇಲೆ



2020ರ ಮಾರ್ಚ್ 22 ನಿಮಗೆ ನೆನಪಿರಬಹುದು. ಧರ್ಮಸಭೆಗೆ ಅದು ತಪಸ್ಸುಕಾಲದ ನಾಲ್ಕನೆಯ ಭಾನುವಾರ, ದೇಶಕ್ಕೆ 'ಜನತಾ ಕರ್ಫ್ಯೂ'. ಬೆಳಿಗ್ಗೆ 7ರಿಂದ ರಾತ್ರಿ 9ರವರೆಗೆ ಯಾರೂ ಮನೆ ಬಿಟ್ಟು ಹೊರಬರಬಾರದು. ಸಂಜೆ 5 ಗಂಟೆಗೆ ಬಾಗಿಲಲ್ಲಿ ನಿಂತು ಐದು ನಿಮಿಷ ಚಪ್ಪಾಳೆ ತಟ್ಟಿ, ತಾಟು ಬಡಿದು, ಗಂಟೆ ಬಾರಿಸಿ, ವೈದ್ಯರಿಗೆ, ನರ್ಸುಗಳಿಗೆ, ನಮಗಾಗಿ ದುಡಿಯುತ್ತಿರುವ ಇತರರಿಗೆ ಕೃತಜ್ಞತೆ ಸಲ್ಲಿಸಬೇಕು ಎಂದು ಪ್ರಧಾನಮಂತ್ರಿಗಳು ಕೇಳಿಕೊಂಡಿದ್ದರು. ಬೆಳಿಗ್ಗೆ ಭಕ್ತರಿಲ್ಲದ ದೇವಾಲಯದಲ್ಲಿ ಒಬ್ಬನೇ ಬಲಿಪೂಜೆ ಅರ್ಪಿಸಿದ ನಾನು ಸಂಜೆ ಹಗ್ಗ ಹಿಡಿದು ಗಂಟೆ ಬಾರಿಸಿದೆ. ಓಣಿಯ ತುಂಬ ಗಂಗಾಳದ ಸದ್ದು. ಮಾಳಿಗೆಯ ಮೇಲೆ ಮಕ್ಕಳ ಕುಣಿತ. ಯಾವ ಜಾತಿ, ಯಾವ ಮತ ಎಂದು ಯಾರೂ ಕೇಳಲಿಲ್ಲ. ನಿಜ ಹೇಳುತ್ತೇನೆ, ನನ್ನ ಕಣ್ಣು ಒದ್ದೆಯಾಯಿತು.

ಹುಮನಾಬಾದ್, ಬಸವಕಲ್ಯಾಣದ ಸೀಮೆಯ ನಮಗೆ ಅಂದಿನ ಸದ್ದಿನಲ್ಲಿ ಭಯವೂ ಸೇರಿತ್ತು. ದೇಶದಲ್ಲಿ ಕೊರೊನಾದಿಂದ ಸಂಭವಿಸಿದ ಮೊದಲ ಸಾವು ನಮ್ಮ ಪಕ್ಕದ ಕಲಬುರಗಿಯದು. ವಿದೇಶದಿಂದ ಮರಳಿದ್ದ 76 ವರ್ಷದ ಹಿರಿಯರೊಬ್ಬರು ಮಾರ್ಚ್ 10ರಂದು ತೀರಿಕೊಂಡರು. 12ರಂದು ಅದು ಕೊರೊನಾ ಎಂದು ಖಚಿತವಾಯಿತು. ಆ ವಾರದೊಳಗೆ ಅವರಿಗೆ ಚಿಕಿತ್ಸೆ ನೀಡಿದ್ದ ವೈದ್ಯರಿಗೂ ಸೋಂಕು ಇದೆಯೆಂದು ತಿಳಿಯಿತು. ಒಂದು ಕಡೆ ಕಲಬುರಗಿ ರಸ್ತೆ, ಇನ್ನೊಂದು ಕಡೆ ಪುಣೆ–ಹೈದರಾಬಾದ್ ಹೆದ್ದಾರಿ. ಮುಂಬಯಿ, ಪುಣೆಗೆ ದುಡಿಯಲು ಹೋದ ನಮ್ಮವರು ಮರಳಿ ಬರುವುದು ಅದೇ ದಾರಿಯಲ್ಲಿ. ಅಂಥ ಹೊತ್ತಿನಲ್ಲಿ ಬಾಯಿಗೆ ಬಟ್ಟೆ ಕಟ್ಟಿಕೊಂಡು ದವಾಖಾನೆಗೆ ಕೆಲಸಕ್ಕೆ ಹೋಗುವವರಿಗೆ ಕೈಮುಗಿಯಬೇಕೆಂದು ಯಾರಿಗೆ ಅನ್ನಿಸದು?

ಆದರೆ ನಾನು ಬರೆಯಲು ಕುಳಿತದ್ದು ಆ ಐದು ನಿಮಿಷಗಳ ವಿಷಯವಾಗಿ ಅಲ್ಲ, ಮುಂದಿನ ದಿನಗಳ ವಿಷಯವಾಗಿ. ಸುಮಾರು ಒಂದು ವಾರದ ಮೇಲೆ ಒಬ್ಬ ನರ್ಸ್ ಹುಡುಗಿಯಿಂದ ನನಗೆ ಫೋನ್ ಬಂತು. ಬೇರೆ ಊರಿನವಳು, ಭಾನುವಾರ ಬಲಿಪೂಜೆಗೆ ಬರುತ್ತಿದ್ದವಳು. "ಫಾದರ್, ಮನಿ ಮಾಲೀಕರು ಖಾಲಿ ಮಾಡ್ಲಾಕ ಹೇಳ್ಯಾರ. ದವಾಖಾನಿಯಿಂದ ಬರ್ತೀನಿ ಅಂತ ಓಣ್ಯಾಗ ಅಂಜ್ಲಾಕತ್ತಾರಂತ. ನಮ್ಮ ಗುಡಿ ಹಾಲಿನಾಗ ನಾಕು ದಿನ ಇರ್ಲಾಕ ಒಂದು ಕೋಣಿ ಸಿಗ್ತದೇನ್ರಿ?" ಕಮಿಟಿಯವರನ್ನು ಕೇಳಿ ಹೇಳುತ್ತೇನೆ ಎಂದೆ. ಎರಡು ದಿನ ಕಳೆದವು. ಮೂರನೆಯ ದಿನ ನಾನೇ ಫೋನ್ ಮಾಡಿದಾಗ, ಕೆಲಸದ ಜಾಗದಲ್ಲೇ ಸಾಮಾನಿಡುವ ಕೋಣೆಯೊಂದರಲ್ಲಿ ಮಲಗುತ್ತಿದ್ದೇನೆ, ಚಿಂತೆ ಮಾಡಬೇಡಿ ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ನಾನು ಕಮಿಟಿಯ ಯಾರನ್ನೂ ಕೇಳಿರಲಿಲ್ಲ, ವಾಚಕರೇ. ಹೆದರಿದ್ದು ನಾನು. ಗಂಟೆ ಬಾರಿಸಿದ ಕೈ ಬೀಗದ ಕೈ ಹುಡುಕಲಿಲ್ಲ.

ಅಂದಿನ ಭಾನುವಾರದ ಶುಭಸಂದೇಶ ಯಾವುದು ಬಲ್ಲಿರಾ? ಸಂತ ಯೊವಾನ್ನರ ಒಂಬತ್ತನೆಯ ಅಧ್ಯಾಯ, ಹುಟ್ಟುಕುರುಡನ ಕಥೆ. ಮಗನಿಗೆ ಕಣ್ಣು ಬಂದಿದೆ. ತಂದೆತಾಯಿಗಳಿಗೆ ಸಂತೋಷವಿಲ್ಲದೆ ಇರುತ್ತದೆಯೇ? ಆದರೂ ಅಧಿಕಾರಿಗಳು ಕರೆದು ಕೇಳಿದಾಗ, ಅವನೇನು ಚಿಕ್ಕವನೇ, ಅವನನ್ನೇ ಕೇಳಿಕೊಳ್ಳಿ ಎಂದು ಜಾರಿಕೊಳ್ಳುತ್ತಾರೆ. ಸಮಾಜದಿಂದ ಹೊರಗೆ ಹಾಕುವರೆಂಬ ಅಂಜಿಕೆ. ಎಷ್ಟೋ ವರ್ಷ ಆ ಭಾಗದ ಮೇಲೆ ಪ್ರಬೋಧನೆ ಮಾಡಿದ್ದೇನೆ. ಆ ತಂದೆತಾಯಿಗಳ ಸಾಲಿನಲ್ಲಿ ನಾನೇ ನಿಂತದ್ದು ಆ ವಾರವೇ.

ಇದು ನಮ್ಮೂರಿನ ಮಾತು ಮಾತ್ರವಲ್ಲ. ಚಪ್ಪಾಳೆಯಾಗಿ ಎರಡೇ ದಿನಕ್ಕೆ, ಮಾರ್ಚ್ 24ರಂದು, ದೆಹಲಿಯ ಏಮ್ಸ್ ಆಸ್ಪತ್ರೆಯ ನಿವಾಸಿ ವೈದ್ಯರು ತಮ್ಮವರನ್ನು ಬಾಡಿಗೆ ಮನೆಗಳಿಂದ ಹೊರಹಾಕಲಾಗುತ್ತಿದೆ ಎಂದು ಕೇಂದ್ರ ಗೃಹಮಂತ್ರಿಗಳಿಗೆ ಪತ್ರ ಬರೆಯಬೇಕಾಯಿತು. ಏಪ್ರಿಲ್ 5, ಗರಿಗಳ ಭಾನುವಾರ, ರಾತ್ರಿ 9 ಗಂಟೆಗೆ 9 ನಿಮಿಷ ದೀಪ ಹಚ್ಚಿದೆವು. ಏಪ್ರಿಲ್ 19, ದೈವಕರುಣೆಯ ಭಾನುವಾರ, ಚೆನ್ನೈನ ನರರೋಗ ಶಸ್ತ್ರಚಿಕಿತ್ಸಕ ಡಾ. ಸೈಮನ್ ಹರ್ಕ್ಯುಲಸ್ ಕೊರೊನಾದಿಂದ ತೀರಿಕೊಂಡರು. ಅವರ ಶವವನ್ನು ಹೂಳಲು ಒಯ್ದಾಗ ಜನ ಸೇರಿ ತಡೆದರು, ಕಲ್ಲು ತೂರಿದರು. ಆಂಬುಲೆನ್ಸಿನ ಗಾಜು ಒಡೆಯಿತು. ಕುಟುಂಬದವರು ಅಲ್ಲಿಂದ ಹೊರಟುಹೋಗಬೇಕಾಯಿತು. ಕೊನೆಗೆ ಜೊತೆಯ ವೈದ್ಯರೊಬ್ಬರು ರಾತ್ರಿ ತಾವೇ ಸಲಿಕೆ ಹಿಡಿದು ಮಣ್ಣು ಎಳೆದರು. ಕೀಳ್ಪಾಕ್ ಸ್ಮಶಾನದಲ್ಲಿ ಕ್ರೈಸ್ತ ವಿಧಿಯಂತೆ ಅವರನ್ನು ಮತ್ತೆ ಹೂಳಲು ಮದ್ರಾಸ್ ಹೈಕೋರ್ಟಿನ ಅನುಮತಿ ಸಿಕ್ಕಿದ್ದು 2021ರಲ್ಲಿ. ಅಷ್ಟರವರೆಗೂ ಪತ್ನಿ ಅಲೆದರು. ಮೂರು ದಿನಗಳ ಮೇಲೆ, ಏಪ್ರಿಲ್ 22ರಂದು, ಆರೋಗ್ಯ ಸಿಬ್ಬಂದಿಯ ಮೇಲೆ ಕೈಮಾಡುವವರಿಗೆ ಕಠಿಣ ಶಿಕ್ಷೆಯಾಗುವಂತೆ ಸರ್ಕಾರ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಗೆ ಸುಗ್ರೀವಾಜ್ಞೆಯ ಮೂಲಕ ತಿದ್ದುಪಡಿ ತಂದಿತು. ಒಂದೇ ತಿಂಗಳಲ್ಲಿ ಹೀಗೆ ಒಂದು ದೇಶ ಚಪ್ಪಾಳೆಯಿಂದ ಜೈಲಿನ ಕಾನೂನಿಗೆ ಬಂದು ನಿಂತಿತು.

ಹಾಗಾದರೆ ಆ ಚಪ್ಪಾಳೆ ಸುಳ್ಳೇ? ತಾಟು ಬಡಿದವರನ್ನು ಹಾಸ್ಯಮಾಡುವವರೂ ಇದ್ದಾರೆ. ನಾನು ಅವರ ಜೊತೆ ಸೇರಲಾರೆ. ಸಂತ ಲೂಕರ ಹದಿನೇಳನೆಯ ಅಧ್ಯಾಯ ತೆಗೆಯಿರಿ. ಹತ್ತು ಮಂದಿ ಕುಷ್ಠರೋಗಿಗಳು ಗುಣವಾದರು. ಅವರು ಯಾಜಕರ ಬಳಿ ಹೋಗಿ ತೋರಿಸಿಕೊಳ್ಳಬೇಕಾಗಿತ್ತು. ಅದೂ ಒಂದು ರೀತಿಯ 'ನೆಗೆಟಿವ್ ರಿಪೋರ್ಟ್' ಎನ್ನಿ. ಅದಿಲ್ಲದೆ ಊರೊಳಗೆ ಪ್ರವೇಶವಿರಲಿಲ್ಲ. ಒಂಬತ್ತು ಮಂದಿ ರಿಪೋರ್ಟಿನ ಹಿಂದೆ ಹೋದರು. ಹತ್ತನೆಯವನು, ಅದೂ ಪರದೇಶಿಯಾದ ಸಮಾರಿಯದವನು, ನಾಲ್ಕು ಜನ ಕೇಳುವಂತೆ ದೊಡ್ಡ ದನಿಯಲ್ಲಿ ದೇವರನ್ನು ಕೊಂಡಾಡುತ್ತ ಮರಳಿ ಬಂದು ಯೇಸುಸ್ವಾಮಿಯ ಪಾದಕ್ಕೆ ಬಿದ್ದನು. ಮನಸ್ಸಿನಲ್ಲೇ ವಂದಿಸಿದರೆ ಸಾಕಿತ್ತು ಎಂದು ಪ್ರಭು ಹೇಳಲಿಲ್ಲ. ಉಳಿದವರು ಎಲ್ಲಿ ಎಂದು ಕೇಳಿದರು. ಬಹಿರಂಗವಾಗಿ ಕೃತಜ್ಞತೆ ಹೇಳುವುದು ಒಳ್ಳೆಯದೇ. ಹಳೆಯ ಒಡಂಬಡಿಕೆಯ ಸಿರಾಖನು ಸಹ 38ನೆಯ ಅಧ್ಯಾಯದಲ್ಲಿ ವೈದ್ಯನನ್ನು ಗೌರವಿಸಬೇಕೆಂದು ವಿಸ್ತಾರವಾಗಿಯೇ ಬೋಧಿಸುತ್ತಾನೆ.

ತೊಡಕು ಇರುವುದು ಬೇರೆ ಕಡೆ. ಸೆಮಿನರಿಯಲ್ಲಿ ನಮಗೆ ಸಂತ ಥಾಮಸ್ ಅಕ್ವಿನಾಸರ 'ಸುಮ್ಮಾ' ಓದಿಸುತ್ತಿದ್ದರು. ಪರೀಕ್ಷೆಗೆ ಬಾಯಿಪಾಠ ಮಾಡಿದ ಎಷ್ಟೋ ಮರೆತುಹೋಗಿದೆ. ಕೃತಜ್ಞತೆಯ ಕುರಿತಾದ 106 ಮತ್ತು 107ನೆಯ ಪ್ರಶ್ನೆಗಳನ್ನು ಆ ಹುಡುಗಿಯ ಫೋನಿನ ನಂತರ ಮತ್ತೆ ತೆಗೆದು ಓದಿದೆ. ಕೃತಜ್ಞತೆಗೆ ಮೂರು ಮೆಟ್ಟಿಲು ಎನ್ನುತ್ತಾರೆ ಸಂತರು. ಉಪಕಾರವನ್ನು ಉಪಕಾರವೆಂದು ಗುರುತಿಸುವುದು ಮೊದಲನೆಯದು. ಬಾಯಿಬಿಟ್ಟು ವಂದಿಸುವುದು ಎರಡನೆಯದು. ತಕ್ಕ ಕಾಲದಲ್ಲಿ, ತಕ್ಕ ಸ್ಥಳದಲ್ಲಿ, ಕೈಲಾದಷ್ಟು ಮರಳಿಸುವುದು ಮೂರನೆಯದು. ಕೃತಘ್ನತೆ ಇದೇ ಮೆಟ್ಟಿಲುಗಳನ್ನು ಮೇಲಿನಿಂದ ಇಳಿಯುತ್ತದೆ: ಮೊದಲು ಮರಳಿಸುವುದಿಲ್ಲ, ಆಮೇಲೆ ಬಾಯಿ ಮುಚ್ಚುತ್ತದೆ, ಕೊನೆಗೆ ಉಪಕಾರವನ್ನೇ ಮರೆಯುತ್ತದೆ. ಈ ಮರೆವೇ ಎಲ್ಲಕ್ಕಿಂತ ಕೆಟ್ಟದ್ದು. ಮಾರ್ಚ್ 22ರಂದು ನಾವು ಎರಡನೆಯ ಮೆಟ್ಟಿಲಲ್ಲಿದ್ದೆವು. ತಕ್ಕ ಕಾಲ, ತಕ್ಕ ಸ್ಥಳ ಎಂದರೆ ನನ್ನ ಪಾಲಿಗೆ ಆ ವಾರ, ಆ ಕೋಣೆ.

ಅಕ್ವಿನಾಸರು ಇನ್ನೊಂದು ಸೂಕ್ಷ್ಮವನ್ನೂ ಹೇಳುತ್ತಾರೆ: ನ್ಯಾಯದ ಸಾಲ ಬೇರೆ, ಕೃತಜ್ಞತೆಯ ಸಾಲ ಬೇರೆ. ಎರಡನೆಯ ವ್ಯಾಟಿಕನ್ ಮಹಾಸಭೆಯೂ 1965ರಲ್ಲಿ, ಶ್ರೀಸಾಮಾನ್ಯ ವಿಶ್ವಾಸಿಗಳ ಪ್ರೇಷಿತಕಾರ್ಯವನ್ನು ಕುರಿತ ವಿಧಿಯಲ್ಲಿ, ನ್ಯಾಯವಾಗಿ ಸಲ್ಲಬೇಕಾದುದನ್ನು ದಾನದ ಹೆಸರಿನಲ್ಲಿ ಕೊಡಕೂಡದೆಂದು ಎಚ್ಚರಿಸಿತು. ಇದನ್ನು ನಮ್ಮ ಆಶಾ ಕಾರ್ಯಕರ್ತೆಯರಿಗೆ ಹಚ್ಚಿ ನೋಡಿ. 2005ರಲ್ಲಿ ಆರಂಭವಾದ ಯೋಜನೆ. ಸುಮಾರು 1,000 ಜನಸಂಖ್ಯೆಗೆ ಒಬ್ಬಾಕೆ. ಬಾಣಂತಿ, ಮಗು, ಲಸಿಕೆ ಅವರ ಮೂಲ ಕೆಲಸ. ಕೊರೊನಾ ಬಂದ ಮೇಲೆ ಮನೆ ಮನೆ ತಿರುಗಿ ಯಾರು ಎಲ್ಲಿಂದ ಬಂದರು, ಯಾರಿಗೆ ಜ್ವರ, ಯಾರಿಗೆ ಕೆಮ್ಮು ಎಂದು ಬರೆದುಕೊಂಡವರು ಅವರು. ಅವರಿಗೆ ಸಿಗುವುದಕ್ಕೆ ಸಂಬಳ ಎಂಬ ಹೆಸರಿಲ್ಲ, 'ಗೌರವಧನ' ಮತ್ತು 'ಪ್ರೋತ್ಸಾಹಧನ'. ಗೌರವ ಎಂಬ ಮಾತು ಎಷ್ಟು ಸುಲಭವಾಗಿ ಸಂಬಳದ ಜಾಗದಲ್ಲಿ ಕೂತುಬಿಟ್ಟಿದೆ ನೋಡಿ! 2020ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಅವರಿಗೆ 3,000 ರೂಪಾಯಿ ಘೋಷಿಸಿತು, ಅದನ್ನು ಅಲ್ಲಗಳೆಯಬಾರದು. ಆದರೆ ಜುಲೈ 10ರಿಂದ ರಾಜ್ಯದ ಸುಮಾರು 42,000 ಆಶಾ ಕಾರ್ಯಕರ್ತೆಯರು ಕೆಲಸ ನಿಲ್ಲಿಸಿ ಮುಷ್ಕರ ಹೂಡಬೇಕಾಯಿತು. ಕೇಳಿದ್ದು ತಿಂಗಳಿಗೆ 12,000 ರೂಪಾಯಿ, ಜೊತೆಗೆ ಮಾಸ್ಕು, ಗ್ಲೌಸು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಪ್ರಶಸ್ತಿ ನೀಡಿತು. 2025ರ ಜನವರಿಯಲ್ಲಿ ಅದೇ ಹೆಣ್ಣುಮಕ್ಕಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಧರಣಿ ಕುಳಿತು, ಕನಿಷ್ಠ 10,000 ರೂಪಾಯಿಯ ಭರವಸೆ ಪಡೆದು ಊರಿಗೆ ಮರಳಿದರು.

ಇಂಗ್ಲೆಂಡಿನಲ್ಲೂ ಇದೇ ಕಥೆ. 2020ರ ಮಾರ್ಚ್ 26ರಿಂದ ಹತ್ತು ಗುರುವಾರ ರಾತ್ರಿ 8ಕ್ಕೆ ಜನ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದರು. ಮರುವರ್ಷ ಮಾರ್ಚಿನಲ್ಲಿ ಸರ್ಕಾರ ನರ್ಸುಗಳಿಗೆ ಶೇಕಡಾ 1ರಷ್ಟು ಸಂಬಳ ಏರಿಕೆ ಸೂಚಿಸಿತು. ಕೂಗಾಟವಾದ ಮೇಲೆ ಅದು ಶೇಕಡಾ 3 ಆಯಿತು.

ಬಸವಕಲ್ಯಾಣದ ಹತ್ತಿರ ಬದುಕುವ ನಮಗೆ ಇದನ್ನು ದೂರದಿಂದ ಕಲಿಯಬೇಕಾದ ಅಗತ್ಯವೂ ಇಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ವೃತ್ತಿಯ ಸಂಗಣ್ಣನಿದ್ದನು. ಅಂಗಳ ಗುಡಿಸುವ ಕಾಯಕದ ಸತ್ಯಕ್ಕನೂ ಇದ್ದಳು. ಇಬ್ಬರನ್ನೂ ಕನ್ನಡ ನಾಡು ವಚನಕಾರರೆಂದು ನೆನೆಯುತ್ತದೆ. ಆದರೆ ನಮ್ಮ 'ಕೊರೊನಾ ವಾರಿಯರ್' ಸನ್ಮಾನಗಳಲ್ಲಿ ಶಾಲು ಯಾರ ಹೆಗಲಿಗೆ ಬಿತ್ತು? ಅಂಥ ಒಂದು ಸಮಾರಂಭದ ವೇದಿಕೆಯ ಮೇಲೆ ನಾನೂ ಕುಳಿತಿದ್ದೆ. ವೈದ್ಯರಿದ್ದರು, ಅಧಿಕಾರಿಗಳಿದ್ದರು, ಒಬ್ಬಿಬ್ಬರು ನರ್ಸುಗಳಿದ್ದರು. ರೋಗಿಗಳ ಹಾಸಿಗೆ ಬಟ್ಟೆ ಒಗೆದವರು, ವಾರ್ಡಿನ ನೆಲ ಒರೆಸಿದವರು, ಶವ ಕಟ್ಟಿ ಗಾಡಿಗೆ ಏರಿಸಿದವರು ಯಾರೂ ಇರಲಿಲ್ಲ. ಅವರನ್ನು ಕರೆಯಬೇಕೆಂದು ನನಗೂ ಹೊಳೆಯಲಿಲ್ಲ. ಮಾರ್ಚ್ 27ರ ಆ ಮಳೆಯ ಸಂಜೆ, ಬರಿದಾದ ಸಂತ ಪೇತ್ರರ ಚೌಕದಲ್ಲಿ ನಿಂತು ಜಗದ್ಗುರು ಫ್ರಾನ್ಸಿಸರು ವೈದ್ಯರು, ನರ್ಸುಗಳ ಜೊತೆಗೆ ಅಂಗಡಿ ಕೆಲಸದವರನ್ನೂ ಸ್ವಚ್ಛತೆಯವರನ್ನೂ ಸ್ಮರಿಸಿದ್ದನ್ನು ಟಿವಿಯಲ್ಲಿ ನೋಡಿ ತಲೆದೂಗಿದವನೂ ನಾನೇ.

ಇನ್ನು ಮರೆವಿನ ಮಾತು. ಬಸವಕಲ್ಯಾಣದ ಶಾಸಕರಾಗಿದ್ದ ಬಿ. ನಾರಾಯಣ ರಾವ್ ಕೊರೊನಾಕ್ಕೆ ತುತ್ತಾಗಿ 2020ರ ಸೆಪ್ಟೆಂಬರ್ 24ರಂದು ತೀರಿಕೊಂಡರು. ಅವರಿಂದ ತೆರವಾದ ಸ್ಥಾನಕ್ಕೆ 2021ರ ಏಪ್ರಿಲ್ 17ರಂದು ಉಪಚುನಾವಣೆ ನಡೆಯಿತು. ಎರಡನೆಯ ಅಲೆ ಏರುತ್ತಿದ್ದ ದಿನಗಳವು. ಸಾವು ಮೊದಲಿಗಿಂತ ಹೆಚ್ಚು, ಆಮ್ಲಜನಕಕ್ಕೆ ಹಾಹಾಕಾರ, ಹಾಸಿಗೆ ಸಿಗದು. ಆರೋಗ್ಯ ಸಿಬ್ಬಂದಿಯ ಕಷ್ಟ ಆಗಲೇ ಅತಿ ಹೆಚ್ಚು. ಆಗ ದೇಶದಲ್ಲಿ ಯಾರೂ ತಾಟು ಬಡಿಯಲಿಲ್ಲ, ಹೆಲಿಕಾಪ್ಟರಿನಿಂದ ಹೂವೂ ಬೀಳಲಿಲ್ಲ. ದಣಿದಿದ್ದೆವು, ಮನೆಮನೆಯಲ್ಲೂ ದುಃಖವಿತ್ತು, ಒಪ್ಪುತ್ತೇನೆ. ಆದರೂ ಇಂದು ಮಕ್ಕಳಿಗೆ ಕೊರೊನಾ ಎಂದರೆ ಶಾಲೆ ಇಲ್ಲದ ರಜೆಯ ನೆನಪು ಮಾತ್ರ. ಈ ವಾರ ಕುಟುಂಬ ಪ್ರಾರ್ಥನೆಗೆ ಕುಳಿತಾಗ ಜಪಸರಕ್ಕೆ ಮುಂಚೆ ಒಂದು ಪ್ರಶ್ನೆ ಕೇಳಿ ನೋಡಿ: ನಮ್ಮ ಮನೆಯವರ ತೋಳಿಗೆ ಲಸಿಕೆ ಚುಚ್ಚಿದವರ ಹೆಸರೇನು? ನಮ್ಮ ಓಣಿಯ ಆಶಾ ಯಾರು, ಅವಳ ಮನೆ ಎಲ್ಲಿ? ನಾನು ಕೇಳಿದ ಹನ್ನೆರಡು ಮನೆಗಳಲ್ಲಿ ಉತ್ತರ ಸಿಕ್ಕಿದ್ದು ಎರಡರಲ್ಲಿ. ಎರಡರಲ್ಲೂ ಹೇಳಿದವರು ಅಜ್ಜಿಯರು.

ಕಡೆಯ ಭೋಜನದಲ್ಲಿ ಯೇಸುಸ್ವಾಮಿ ರೊಟ್ಟಿಯನ್ನು ಕೈಗೆತ್ತಿಕೊಂಡು ಕೃತಜ್ಞತೆ ಸಲ್ಲಿಸಿದರು, ಕೂಡಲೇ ಮುರಿದು ಹಂಚಿದರು. ನಮ್ಮ ಬಲಿಪೂಜೆಗೆ ಗ್ರೀಕ್ ಭಾಷೆಯಲ್ಲಿರುವ ಹೆಸರಿನ ಅರ್ಥವೇ ಕೃತಜ್ಞತೆ. ವಂದಿಸುವುದಕ್ಕೂ ಮುರಿದು ಕೊಡುವುದಕ್ಕೂ ನಡುವೆ ಪ್ರಭು ಅಂತರ ಬಿಡಲಿಲ್ಲ. ನಾನು ಎರಡು ದಿನ ಬಿಟ್ಟೆ.

ಆ ನರ್ಸ್ ಈಗ ಬೇರೆ ಊರಿನಲ್ಲಿದ್ದಾಳೆ; ಅವಳ ಕ್ಷಮೆ ಕೇಳಿದ್ದೇನೆ. ಕಳೆದ ತಿಂಗಳು ನಮ್ಮ ಓಣಿಯ ಆಶಾ ಅಕ್ಕ ಪಲ್ಸ್ ಪೋಲಿಯೋ ಕೆಲಸಕ್ಕೆಂದು ಬಿಸಿಲಲ್ಲಿ ತಿರುಗುತ್ತಿದ್ದರು. ಕರೆದು ಕೂಡಿಸಿ ನೀರು ಕೊಟ್ಟು, ನಿಮಗೆ ನಮ್ಮ ಧರ್ಮಕೇಂದ್ರದಿಂದ ಏನು ಮಾಡೋಣ, ಒಂದು ಸಣ್ಣ ಸನ್ಮಾನ ಇಟ್ಟುಕೊಳ್ಳೋಣವೇ ಎಂದು ಕೇಳಿದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕರು.

"ಶಾಲು ಮನ್ಯಾಗ ಮೂರು ಅವ್ರಿ, ಫಾದರ್. ನಿಮ್ಮ ಮಂದಿಗಿ ಇಷ್ಟು ಹೇಳ್ರಿ: ನಾ ಬಾಗಲ ಬಡದ್ರ ಲಗು ತೆಗೀರಿ ಅಂತ. ಮತ್ತ ಯಾರು ಎಲ್ಲಿಂದ ಬಂದಾರ, ಯಾರಿಗಿ ಜ್ವರ ಅದ ಅಂತ ಕೇಳಿದ್ರ, ಖರೇ ಹೇಳ್ರಿ ಅಂತ."